ಅಡುಗೆಮನೆಯಲ್ಲಿ ವಿಜ್ಞಾನ: ಬೆಟ್ಟದ ಮೇಲೆ ಬೇಳೆ ಏಕೆ ಬೇಯದು?

ಮಿಲಿಟರಿಯಲ್ಲಿರುವ ಗಂಡನ ಜೊತೆ ಲೇಹ್‌ಗೆ ಹೋದ ಮಗಳು, “ಅಮ್ಮಾ, ಇಲ್ಲಿ ನೀರು ಕೊತಕೊತ ಕುದಿಯುತ್ತೆ, ಬೇಳೆ ಮಾತ್ರ ಬೇಯೋದೇ ಇಲ್ಲ” ಎಂದರೆ ಅಂಗಡಿಯವನನ್ನು ಬೈಯಬೇಡಿ. ಈ ಕಿತಾಪತಿಯೆಲ್ಲ ಗಾಳಿಯದು!

ಹೌದು ಸೋದರಿಯರೇ, ಗಾಳಿಗೂ ತೂಕವಿದೆ. ಸಮುದ್ರ ಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು 1 ಕಿಲೋ ಗಾಳಿಯ ಭಾರ ಕೂತಿರುತ್ತದೆ. ಮೇಲೇರಿದಂತೆ ತಲೆಯ ಮೇಲಿನ ಗಾಳಿ ಕಡಿಮೆ, ಭಾರವೂ ಕಡಿಮೆ. 1648ರಲ್ಲಿ ಫ್ರಾನ್ಸಿನ ಪಾಸ್ಕಲ್ ಎಂಬ ವಿಜ್ಞಾನಿ ಇದನ್ನು ಪರೀಕ್ಷಿಸಲೆಂದು ತನ್ನ ಅಕ್ಕನ ಗಂಡನನ್ನು ಪಾದರಸದ ಕೊಳವೆಯೊಂದಿಗೆ ಬೆಟ್ಟ ಹತ್ತಿಸಿದ. ತುದಿ ತಲುಪುವಷ್ಟರಲ್ಲಿ ಪಾದರಸ ಸುಮಾರು 3 ಅಂಗುಲ ಇಳಿದಿತ್ತು.

ಭಾವನ ಪಾದರಸಕ್ಕೂ ನಮ್ಮ ಬೇಳೆಗೂ ಏನು ಸಂಬಂಧ ಎನ್ನುವಿರಾ? ನೀರು ಕುದಿಯಬೇಕಾದರೆ ಅದರ ಆವಿ ಗಾಳಿಯ ಒತ್ತಡವನ್ನು ತಳ್ಳಿಕೊಂಡು ಏಳಬೇಕು. ಒತ್ತಡ ತಗ್ಗಿದಲ್ಲಿ ಕಡಿಮೆ ಬಿಸಿಗೇ ಕುದಿ ಬಂದುಬಿಡುತ್ತದೆ. 300 ಮೀಟರ್ ಏರಿದರೆ ಹೆಚ್ಚುಕಡಿಮೆ 1 ಡಿಗ್ರಿ ಇಳಿಯಿತೆಂದು ಲೆಕ್ಕ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ ಸುಮಾರು 97ಕ್ಕೆ, ಊಟಿಯಲ್ಲಿ 92–93ಕ್ಕೆ, 3,500 ಮೀಟರ್ ಎತ್ತರದ ಲೇಹ್‌ನಲ್ಲಿ 88ಕ್ಕೇ ಕುದಿಯುತ್ತದೆ. ಉರಿ ಎಷ್ಟೇ ಹೆಚ್ಚಿಸಿ, ತೆರೆದ ಪಾತ್ರೆಯ ನೀರು ಅದಕ್ಕಿಂತ ಬಿಸಿಯಾಗದು. ಗ್ಯಾಸು ದಂಡ, ಅಷ್ಟೆ.

ಇದಕ್ಕೆ ಉಪಾಯ ಪ್ರೆಶರ್ ಕುಕ್ಕರ್. ಆವಿಯನ್ನು ಒಳಗೇ ಹಿಡಿದಿಟ್ಟು ಅದು ಒತ್ತಡ ಹೆಚ್ಚಿಸುತ್ತದೆ. ಸಮುದ್ರ ಮಟ್ಟದಲ್ಲಿ ಕುಕ್ಕರಿನೊಳಗೆ ಸುಮಾರು 120 ಡಿಗ್ರಿ ಬಿಸಿ ಇರುತ್ತದೆ. ಬೆಟ್ಟದ ಊರಿನಲ್ಲಿ ಅದೂ ಕೊಂಚ ತಗ್ಗುವುದರಿಂದ, ಮನೆಯಲ್ಲಿ ಮೂರು ವಿಷಲ್ ಕೂಗಿಸುವವರು ಅಲ್ಲಿ ಒಂದೆರಡು ಹೆಚ್ಚಿಗೆ ಕೂಗಿಸಿ.

ಎರಡು ಎಚ್ಚರಿಕೆಯ ಮಾತು. ಅರೆಬೆಂದ ರಾಜ್ಮಾದಲ್ಲಿ ವಾಂತಿ, ಭೇದಿ ತರುವ ಸಹಜ ವಿಷಾಂಶ ಉಳಿದಿರುತ್ತದೆ. ಬೆಟ್ಟದ ಊರಿನಲ್ಲಿ ಅದನ್ನು ತೆರೆದ ಪಾತ್ರೆಯಲ್ಲಿ ಬೇಯಿಸಲೇಬೇಡಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ. ಎರಡನೆಯದು ಕುಡಿಯುವ ನೀರು. ಕೆಳಗಿನ ಊರುಗಳಲ್ಲಿ ಚೆನ್ನಾಗಿ ಕುದಿ ಬಂದ ಮೇಲೆ 1 ನಿಮಿಷ ಸಾಕು. 2,000 ಮೀಟರ್ ದಾಟಿದ ಊರಲ್ಲಿ 3 ನಿಮಿಷ ಕುದಿಯಲು ಬಿಡಿ. ಚಿಕ್ಕಮಕ್ಕಳಿರುವ ಮನೆಯಲ್ಲಂತೂ ಇದನ್ನು ಮರೆಯಬೇಡಿ.

ಹಾಂ, ಬೆಟ್ಟದೂರಿಗೆ ಸಂಸಾರ ಸಾಗಿಸುವವರು ಕುಕ್ಕರಿನ ಜೊತೆ ಒಂದು ಗ್ಯಾಸ್ಕೆಟ್ ಹೆಚ್ಚಿಗೇ ಕಟ್ಟಿಕೊಳ್ಳಿ!