ಮೂರು ದಿನದ ಕ್ರೀಡಾಂಗಣ ಮುನ್ನೂರರವತ್ತೈದು ದಿನದ ಬಯಲಾಗಲಿ

ನಮ್ಮ ಜಿಲ್ಲಾ ಹಾಗೂ ತಾಲ್ಲೂಕು ಕೇಂದ್ರಗಳ ಕ್ರೀಡಾಂಗಣಗಳಿಗೆ ವರ್ಷದಲ್ಲಿ ಮೂರು ದಿನ ಕಳೆ ಬರುತ್ತದೆ: ಜನವರಿ 26, ಆಗಸ್ಟ್ 15 ಮತ್ತು ನವೆಂಬರ್ 1. ಸುಣ್ಣದ ಗೆರೆ ಎಳೆಯಲಾಗುತ್ತದೆ, ಶಾಮಿಯಾನ ಏಳುತ್ತದೆ, ಪಥಸಂಚಲನ ನಡೆಯುತ್ತದೆ. ಮರುದಿನದಿಂದ ಮತ್ತೆ ಹಳೆಯ ಸ್ಥಿತಿ. ಬೆಳಗಿನ ವಾಯುವಿಹಾರಿಗಳು, ಆಗೊಂದು ಶಾಲಾ ಕ್ರೀಡಾಕೂಟ, ಈಗೊಂದು ಸಮಾವೇಶ ಬಿಟ್ಟರೆ ಪಟ್ಟಣದ ನಡುವಿನ ಅಷ್ಟೂ ನೆಲ ಬೇರಾವ ಉಪಯೋಗಕ್ಕೂ ಬರುವುದಿಲ್ಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದಂತಹ ಊರುಗಳಲ್ಲಿ ಸಂಜೆ ಹೊತ್ತು ಹೆಂಡತಿ ಮಕ್ಕಳೊಂದಿಗೆ ಒಂದು ಗಂಟೆ ಕಾಸಿಲ್ಲದೆ ಕುಳಿತು ಬರುವ ಜಾಗ ಎಲ್ಲಿದೆ ಎಂದು ಕೇಳಿದರೆ, ದೇವಸ್ಥಾನದ ಆವರಣದ ಹೊರತು ಬೇರೆ ಉತ್ತರ ಸುಲಭವಾಗಿ ಹೊಳೆಯುವುದಿಲ್ಲ.

ಪಾಳು ಬಿದ್ದ ಮೈದಾನಗಳ ಪಾಠ ಕಲಿಯಲು ಈ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಕೆಜಿಎಫ್‌ನಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಗಣಿ ಕಂಪನಿಯ ಆಶ್ರಯದಲ್ಲಿ ಕ್ಲಬ್ಬುಗಳು ಮತ್ತು ಮೈದಾನಗಳು ನಡೆದವು; ಫುಟ್‌ಬಾಲ್, ಹಾಕಿ ಮತ್ತು ಅಥ್ಲೆಟಿಕ್ಸ್ ಬೆಳೆದವು. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಓಡಿ, ಮರುವರ್ಷ ಅರ್ಜುನ ಪ್ರಶಸ್ತಿ ಪಡೆದ ಕೆನೆತ್ ಪೊವೆಲ್ ಇದೇ ಜಿಲ್ಲೆಯ ಮಣ್ಣಿನವರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚಿದಾಗ ಕಾರ್ಮಿಕರ ಜೀವನೋಪಾಯದ ಜೊತೆಗೆ ಆ ಮೈದಾನಗಳ ಪೋಷಕನೂ ಇಲ್ಲವಾದ. ನೆಲ ಅಲ್ಲೇ ಇತ್ತು. ಅದಕ್ಕೆ ನೀರು ಹಾಕುವ, ಬೇಲಿ ಕಾಯುವ, ದೀಪ ಹಚ್ಚುವ ಕೈ ಇರಲಿಲ್ಲ. ಮೈದಾನವನ್ನು ಕಟ್ಟಿದವರು ಯಾರು ಎಂಬುದಕ್ಕಿಂತ ನಿತ್ಯ ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆಯೇ ದೊಡ್ಡದು ಎಂಬುದು ಇದರಿಂದ ತಿಳಿಯಬೇಕಾದ ಸಂಗತಿ.

ದಶಕಗಳ ಕಾಲ ಆಡಳಿತದಲ್ಲಿದ್ದ ನನಗೆ ಈ ಪ್ರಶ್ನೆ ಏಕೆ ಕಡೆಗಣನೆಗೆ ಒಳಗಾಗುತ್ತದೆ ಎಂಬುದು ಗೊತ್ತು. ಹೊಸ ಕಟ್ಟಡಕ್ಕೆ ಅನುದಾನ ಸಿಗುತ್ತದೆ, ಶಂಕುಸ್ಥಾಪನೆಯ ಕಲ್ಲು ಸಿಗುತ್ತದೆ. ಹಳೆಯ ಕಟ್ಟಡದ ನಿರ್ವಹಣೆಗೆ ಇವೆರಡೂ ಇಲ್ಲ. ಯೋಜನಾ ವೆಚ್ಚ, ಯೋಜನೇತರ ವೆಚ್ಚ ಎಂಬ ಹಳೆಯ ವಿಂಗಡಣೆಯಲ್ಲಿ ನಿರ್ವಹಣೆ ಎರಡನೆಯ ಕಂಬಳಕ್ಕೆ ಸೇರಿ ಸದಾ ಕತ್ತರಿಗೆ ಸಿಕ್ಕುತ್ತಿತ್ತು. 2017–18ರ ಕೇಂದ್ರ ಬಜೆಟ್ಟಿನಿಂದ ಆ ವಿಂಗಡಣೆ ಹೋಯಿತು, ಮನೋಭಾವ ಹೋಗಲಿಲ್ಲ. ಆದ್ದರಿಂದಲೇ ಸೊರಗಿದ ಕ್ರೀಡಾಂಗಣದ ವಿಚಾರ ಬಂದಾಗ ಎರಡೇ ಸಲಹೆಗಳು ಕೇಳಿಬರುತ್ತವೆ. ಒಂದು, ಊರ ಹೊರಗೆ ಹೊಸದನ್ನು ಕಟ್ಟುವುದು. ಇನ್ನೊಂದು, ಹಳೆಯ ಜಾಗದಲ್ಲಿ ವಾಣಿಜ್ಯ ಸಂಕೀರ್ಣ ಎಬ್ಬಿಸುವುದು. ಎರಡೂ ತಪ್ಪು.

‘ಬಹೂಪಯೋಗಿ ಸಾರ್ವಜನಿಕ ತಾಣ’ ಎಂಬ ಮಾತನ್ನು ನಾನು ಬೆಂಬಲಿಸುತ್ತೇನೆ. ಆದರೆ ಆ ಮಾತಿನೊಳಗೆ ಎರಡು ಭಿನ್ನ ಅರ್ಥಗಳು ಅಡಗಿವೆ. ಲಂಡನ್ನಿನ ಹೈಬರಿ ಕ್ರೀಡಾಂಗಣವನ್ನು ಆರ್ಸೆನಲ್ ಫುಟ್‌ಬಾಲ್ ತಂಡ 2006ರಲ್ಲಿ ತೊರೆದ ಮೇಲೆ ಪ್ರೇಕ್ಷಕರ ಗ್ಯಾಲರಿಗಳು ಅಪಾರ್ಟ್‌ಮೆಂಟುಗಳಾದವು, ಮೈದಾನವು ಅವುಗಳ ನಡುವಿನ ತೋಟವಾಯಿತು. ಜಪಾನಿನ ಒಸಾಕಾದಲ್ಲಿ 1950ರಲ್ಲಿ ಕಟ್ಟಿದ್ದ ಬೇಸ್‌ಬಾಲ್ ಕ್ರೀಡಾಂಗಣವನ್ನು ತಂಡ ಹೊರಟುಹೋದ ಬಳಿಕ ಕೆಡವಿ, 2003ರಲ್ಲಿ ನಂಬಾ ಪಾರ್ಕ್ಸ್ ತೆರೆದರು. ಅಲ್ಲಿ ಅಂಗಡಿಗಳಿವೆ, ಜೊತೆಗೆ ಅವುಗಳ ಮಾಳಿಗೆಯ ಮೇಲೆ ಹಂತಹಂತವಾಗಿ ಏರುವ ಉದ್ಯಾನವೂ ಇದೆ. ಯಾರು ಬೇಕಾದರೂ ಅಲ್ಲಿ ಅಡ್ಡಾಡಬಹುದು. ಎರಡೂ ಕಡೆ ನೆಲ ಉಪಯೋಗಕ್ಕೆ ಬಂತು. ಯಾರ ಉಪಯೋಗಕ್ಕೆ ಎಂಬುದರಲ್ಲಿ ವ್ಯತ್ಯಾಸವಿದೆ. ನಮ್ಮಲ್ಲೂ ಪುನರಭಿವೃದ್ಧಿಯ ನಕ್ಷೆ ನೋಡುವಾಗ ಮೊದಲು ಕೇಳಬೇಕಾದದ್ದು ಇದನ್ನೇ. ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲಿನ ಆವರಣವೇ 2008ರಲ್ಲಿ ಫ್ರೀಡಂ ಪಾರ್ಕ್ ಆಗಿ ಜನರಿಗೆ ತೆರೆದುಕೊಂಡಿತು. ಸೆರೆಮನೆಗೆ ಸಾಧ್ಯವಾದದ್ದು ಕ್ರೀಡಾಂಗಣಕ್ಕೆ ಅಸಾಧ್ಯವೇನಲ್ಲ.

ಜನರ ನೆಲ ಜನರ ಕೈತಪ್ಪದಂತೆ ಕಾಯಲು ಕಾನೂನು ಇದೆ. ಕರ್ನಾಟಕದಲ್ಲಿ ಉದ್ಯಾನ, ಆಟದ ಮೈದಾನ ಮತ್ತು ಬಯಲು ಸ್ಥಳಗಳ ಸಂರಕ್ಷಣೆಗೆಂದೇ 1985ರ ಕಾಯ್ದೆ ಜಾರಿಯಲ್ಲಿದ್ದು, ಅಂತಹ ಜಾಗಗಳ ಪಟ್ಟಿ ಮಾಡಿ ಪ್ರಕಟಿಸುವುದಕ್ಕೆ ಅವಕಾಶ ಕಲ್ಪಿಸಿದೆ. ಬೆಂಗಳೂರಿನ ಸದಾಶಿವನಗರದಲ್ಲಿ ಉದ್ಯಾನಕ್ಕೆ ಮೀಸಲಿದ್ದ ನಿವೇಶನವನ್ನು ಖಾಸಗಿ ನರ್ಸಿಂಗ್ ಹೋಂಗೆ ಕೊಟ್ಟದ್ದನ್ನು ಬಡಾವಣೆಯ ನಿವಾಸಿಗಳು ಪ್ರಶ್ನಿಸಿದರು. ಆ ಹಂಚಿಕೆ ಸಿಂಧುವಲ್ಲವೆಂದು ಸುಪ್ರೀಂ ಕೋರ್ಟ್ 1991ರಲ್ಲಿ, ಮುದ್ದಪ್ಪ ಪ್ರಕರಣ ಎಂದೇ ಹೆಸರಾದ ತೀರ್ಪಿನಲ್ಲಿ ಹೇಳಿತು. ಆಸ್ಪತ್ರೆಯಂತಹ ಒಳ್ಳೆಯ ಉದ್ದೇಶವೂ ಬಯಲನ್ನು ಕಬಳಿಸಲು ನೆಪವಾಗಲಾರದು ಎಂದಾದರೆ ಅಂಗಡಿ ಸಾಲಿನ ಮಾತೇನು? ಯಾವುದೇ ನಕ್ಷೆ ಬರೆಯುವ ಮುನ್ನ ಈ ಪಟ್ಟಣಗಳ ಮೈದಾನಗಳನ್ನು ಅಂತಹ ಪಟ್ಟಿಗೆ ಸೇರಿಸುವುದು ಮೊದಲ ಕೆಲಸವಾಗಬೇಕು.

ಇನ್ನು ಹಣದ ವಿಚಾರ. ಅರ್ಥಶಾಸ್ತ್ರದ ವಿದ್ಯಾರ್ಥಿಗಳು ಮೊದಲಿಗೆ ಓದುವ ಪಾಠಗಳಲ್ಲಿ ಸೇತುವೆಯ ಸುಂಕದ್ದೂ ಒಂದು. ದಟ್ಟಣೆಯಿಲ್ಲದ ಸೇತುವೆಯ ಮೇಲೆ ಇನ್ನೊಬ್ಬ ನಡೆದುಹೋದರೆ ಹೆಚ್ಚುವರಿ ಖರ್ಚಿಲ್ಲ. ಸುಂಕ ಹಾಕಿದರೆ ಬರುವವನು ತಪ್ಪಿಹೋಗುತ್ತಾನೆ, ಅಷ್ಟೆ. ನಡಿಗೆಯ ಹಾದಿ, ಮರದ ನೆರಳು, ಮಕ್ಕಳ ಉಯ್ಯಾಲೆಗೆ ಇದೇ ನ್ಯಾಯ ಅನ್ವಯಿಸುತ್ತದೆ. ಅವು ಉಚಿತವಾಗಿರಬೇಕು. ಒಬ್ಬರು ಬಳಸುವಾಗ ಇನ್ನೊಬ್ಬರು ಕಾಯಬೇಕಾದ ಷಟಲ್ ಅಂಕಣ, ಸಭಾಂಗಣ, ಮಳಿಗೆಗಳಿಗೆ ಶುಲ್ಕ ವಿಧಿಸುವುದು ನ್ಯಾಯವೇ. ಗ್ಯಾಲರಿಯ ಕೆಳಗಿನ ಕೋಣೆಗಳು ಖಾಲಿಯಿದ್ದಲ್ಲಿ ವಾಚನಾಲಯಕ್ಕೂ ಸ್ತ್ರೀಶಕ್ತಿ ಗುಂಪುಗಳ ಮಳಿಗೆಗಳಿಗೂ ಒದಗುತ್ತವೆ. ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿಯ ವಾರಗಳಲ್ಲಿ ಬೆಳೆಗಾರರೇ ಹಣ್ಣು ಮಾರುವ ಸಂತೆ ನಡೆಸಬಹುದು. ಮುಳಬಾಗಿಲಿನಲ್ಲಿ ದೋಸೆಯ ಕಾವಲಿಗೊಂದು ಮೂಲೆ ಕೊಟ್ಟರೆ ಜನರನ್ನು ಕರೆಯಬೇಕಾಗಿಯೇ ಇಲ್ಲ. ಈ ಬಾಡಿಗೆ ಸಾಮಾನ್ಯ ನಿಧಿಗೆ ಸೇರಿ ಕರಗದೆ, ಆ ಮೈದಾನದ ಖಾತೆಯಲ್ಲೇ ಉಳಿಯಬೇಕು. ತಿಂಗಳ ಜಮಾ ಖರ್ಚು ಬಾಗಿಲ ಬಳಿಯ ಫಲಕದಲ್ಲಿ ಕಾಣಬೇಕು.

ಕ್ರೀಡಾಪಟುಗಳ ಆತಂಕ ನಿಜವಾದದ್ದು. ಎಲ್ಲರಿಗೂ ತೆರೆದರೆ ಅಭ್ಯಾಸ ಎಲ್ಲಿ ಎಂದು ಅವರು ಕೇಳುತ್ತಾರೆ. ಓಟದ ಪಥ ಮತ್ತು ಒಳಮೈದಾನವನ್ನು ನಿಗದಿತ ಹೊತ್ತಿನಲ್ಲಿ ಅವರಿಗೇ ಮೀಸಲಿಟ್ಟು, ಸುತ್ತಲಿನ ಅಂಚನ್ನು ಉಳಿದವರಿಗೆ ಬಿಟ್ಟರೆ ಇಬ್ಬರಿಗೂ ಜಾಗವಿದೆ. ಮೈದಾನಕ್ಕೆ ನಿಜವಾದ ಅಪಾಯ ಜನಸಾಮಾನ್ಯರಿಂದಲ್ಲ. ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ ಹಿರಿಯ ಅಧಿಕಾರಿಯೊಬ್ಬರು ನಾಯಿಯೊಂದಿಗೆ ಸುತ್ತಾಡಲು ಅನುವಾಗುವಂತೆ ಕ್ರೀಡಾಪಟುಗಳನ್ನು ಬೇಗ ಹೊರಗೆ ಕಳುಹಿಸಲಾಗುತ್ತಿದೆ ಎಂಬ ವರದಿ 2022ರಲ್ಲಿ ಬಂದಾಗ, ಸರ್ಕಾರ ಅಲ್ಲಿನ ಕ್ರೀಡಾಂಗಣಗಳನ್ನು ರಾತ್ರಿ ಹತ್ತರವರೆಗೆ ತೆರೆದಿಡಬೇಕಾಯಿತು. ಬೀಗದ ಕೈ ಒಬ್ಬರ ಬಳಿಯೇ ಇದ್ದರೆ ಹೀಗೇ ಆಗುವುದು. ಆದುದರಿಂದ ಆಡಳಿತ ಸಮಿತಿಯಲ್ಲಿ ಕ್ರೀಡಾ ಇಲಾಖೆ ಹಾಗೂ ಪುರಸಭೆಯೊಂದಿಗೆ ತರಬೇತುದಾರರು, ಮಹಿಳೆಯರು ಮತ್ತು ನಿತ್ಯ ಬಳಸುವವರೂ ಇರಬೇಕು.

ಮಹಿಳೆಯರು ಎಂದು ಒತ್ತಿ ಹೇಳಲು ಕಾರಣವಿದೆ. ನರಸಾಪುರ, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ದುಡಿಯಲು ಬಂದ ಸಾವಿರಾರು ಯುವತಿಯರು ಪಾಳಿ ಮುಗಿಸಿ ಬಾಡಿಗೆ ಕೋಣೆಗೆ ಮರಳುತ್ತಾರೆ. ದೀಪ, ಶುಚಿಯಾದ ಶೌಚಾಲಯ, ಕಾವಲು ಇರುವ ಒಂದು ಬಯಲು ಅವರಿಗೆ ಕೊಡುವ ಸ್ವಾತಂತ್ರ್ಯವನ್ನು ಯಾವ ಸಿಂಥೆಟಿಕ್ ಟ್ರ್ಯಾಕೂ ಕೊಡಲಾರದು.

ನೀರಿನ ಬವಣೆ ಕಂಡ ಜಿಲ್ಲೆಯಲ್ಲಿ ವಿದೇಶಿ ಹುಲ್ಲುಹಾಸಿನ ಮೋಹವೂ ಬೇಡ. ಹೊಂಗೆ, ಬೇವು, ಹುಣಸೆ ನೆಟ್ಟು, ಮಳೆನೀರನ್ನು ಹತ್ತಿರದ ಕೆರೆಗೆ ಹರಿಸಿದರೆ ಸಾಕು. ಇದಕ್ಕೆ ಕೋಟಿಗಳ ಯೋಜನಾ ವರದಿಗಾಗಿ ಕಾಯಬೇಕಿಲ್ಲ. ಈ ನಾಲ್ಕು ಪಟ್ಟಣಗಳ ಪೈಕಿ ಒಂದರಲ್ಲಿ ಗೇಟು ಬೆಳಿಗ್ಗೆ ಐದರಿಂದ ರಾತ್ರಿ ಒಂಬತ್ತರವರೆಗೆ ತೆರೆದಿರಲಿ, ನಾಲ್ಕು ದೀಪ ಉರಿಯಲಿ, ಶೌಚಾಲಯದಲ್ಲಿ ನೀರು ಬರಲಿ. ಯಾರು, ಯಾವ ಹೊತ್ತಿಗೆ, ಏಕೆ ಬರುತ್ತಾರೆ ಎಂದು ಒಂದು ವರ್ಷ ನೋಡಿ ಆಮೇಲೆ ನಕ್ಷೆ ಬರೆಯೋಣ.