ಕೆರೆಯಂಚಿನ ಕಾವಲು ಊರವರ ಕೈಯಲ್ಲಿರಲಿ

ಕೆರೆಯ ಸುತ್ತ ಕಟ್ಟಡವಿಲ್ಲದೆ ಬಿಡಬೇಕಾದ ನೆಲ ಎಷ್ಟು ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಬಹುಕಾಲದಿಂದ ನ್ಯಾಯಾಲಯಕ್ಕೂ ಶಾಸನಸಭೆಗೂ ನಡುವೆ ಅಲೆದಾಡುತ್ತಿದೆ. ಈ ಅಂಚು 75 ಮೀಟರು ಇರತಕ್ಕದ್ದೆಂದು 2016ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿತು. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಪಡಿಸಿದಾಗ, ನಗರದ ಮಹಾಯೋಜನೆಯಲ್ಲಿದ್ದ 30 ಮೀಟರಿನ ನಿಯಮವೇ ಉಳಿದುಕೊಂಡಿತು. 2025ರಲ್ಲಿ ರಾಜ್ಯ ಸರ್ಕಾರವು, ಆ 30 ಮೀಟರು ಸಹ ಎಲ್ಲ ಕೆರೆಗಳಿಗೂ ಅವಶ್ಯವಲ್ಲವೆಂದು ಭಾವಿಸಿ, ಕೆರೆಯ ವಿಸ್ತೀರ್ಣ ಕಿರಿದಾದಂತೆಲ್ಲ ಅದರ ಅಂಚೂ ಕಿರಿದಾಗುವಂತೆ ರಾಜ್ಯದ ಕೆರೆಗಳ ಕಾಯ್ದೆಯನ್ನು ತಿದ್ದುವ ಮಸೂದೆಯೊಂದಕ್ಕೆ ವಿಧಾನಸಭೆಯ ಒಪ್ಪಿಗೆಯನ್ನು ಪಡೆಯಿತು. ಈ ಮಸೂದೆಯ ದಿಕ್ಕೇ ತಪ್ಪೆಂಬುದು ನನ್ನ ದೃಢವಾದ ಅಭಿಪ್ರಾಯ. ಆದರೆ ಇದಕ್ಕಿಂತ ಹಳೆಯದೂ ದೊಡ್ಡದೂ ಆದ ತಪ್ಪೊಂದುಂಟು: ಕೆರೆಯ ಬದಿಯಲ್ಲಿ ಬಾಳಿ, ಅದು ಉಕ್ಕಿದಾಗ ಮುಳುಗಿ, ಅದು ಬತ್ತಿದಾಗ ಬಾಯಾರುವ ಜನರಿಗೆ ಆ ಕೆರೆಯ ವಿಷಯದಲ್ಲಿ ಶಾಸನಬದ್ಧವಾದ ಅಧಿಕಾರವಾವುದೂ ಇಲ್ಲದಿರುವುದು.

ಅಂಚಿನ ಪ್ರಯೋಜನವೇನೆಂಬುದನ್ನು ಮೊದಲು ನೋಡೋಣ. ಬೆಂಗಳೂರು ನದೀತೀರದ ಪಟ್ಟಣವಲ್ಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದ ದಿಣ್ಣೆಯ ಮೇಲೆ ನಿಂತ ಈ ಊರಿನಲ್ಲಿ ಬಿದ್ದ ಮಳೆಯು ಪಶ್ಚಿಮಕ್ಕೆ ವೃಷಭಾವತಿಯ ಕಣಿವೆಯಿಂದ ಅರ್ಕಾವತಿಯನ್ನೂ, ಪೂರ್ವಕ್ಕೆ ಹೆಬ್ಬಾಳ ಮತ್ತು ಕೋರಮಂಗಲ–ಚಲ್ಲಘಟ್ಟ ಕಣಿವೆಗಳಿಂದ ದಕ್ಷಿಣ ಪಿನಾಕಿನಿಯನ್ನೂ ಸೇರುತ್ತದೆ. ಈ ಇಳಿಜಾರುಗಳ ಉದ್ದಕ್ಕೂ, ಮೇಲಿನ ಕೆರೆಯ ಕೋಡಿ ಬಿದ್ದರೆ ಆ ನೀರು ರಾಜಕಾಲುವೆಯ ಮೂಲಕ ಕೆಳಗಿನ ಕೆರೆಗೆ ಇಳಿಯುವಂತೆ, ಅದೂ ತುಂಬಿದರೆ ಇನ್ನೂ ಕೆಳಗಿನದಕ್ಕೆ ಸಾಗುವಂತೆ, ನಮ್ಮ ಪೂರ್ವಿಕರು ಕೆರೆಗಳನ್ನು ಸರಣಿಯಾಗಿ ಕಟ್ಟಿದರು. ಇಂಥ ಸರಣಿಯಲ್ಲಿ ಮೇಲಿನ ಕುಂಟೆಗಳೂ ಕಿರಿಯ ಕೆರೆಗಳೂ ಮಳೆಯ ಮೊದಲ ರಭಸವನ್ನು ತಡೆದು ಹಿಡಿಯುವುದರಿಂದಲೇ ಕೆಳಗಿನ ಬೆಳ್ಳಂದೂರು, ವರ್ತೂರುಗಳ ಮೇಲೆ ಬೀಳುವ ಭಾರ ಮಿತವಾಗುತ್ತದೆ. ಹೀಗಿರುವಲ್ಲಿ ಚಿಕ್ಕ ಕೆರೆಗೆ ಚಿಕ್ಕ ಅಂಚು ಸಾಕೆಂಬ ತರ್ಕವು ಕಾಗದದ ಮೇಲೆ ಸಮಂಜಸವಾಗಿ ಕಂಡರೂ ನೆಲದ ಮೇಲೆ ನಿಲ್ಲಲಾರದು. ಏತಕ್ಕೆಂದರೆ ನೂರು ಎಕರೆಯ ಕೆರೆ ಒಂದು ಗೋಡೆಯನ್ನು ಸಹಿಸಿಕೊಂಡೀತು, ಎರಡು ಎಕರೆಯ ಕೆರೆಗಾದರೋ ಒಳಹರಿವಿನ ಬಾಯಲ್ಲಿ ಸುರಿದ ನಾಲ್ಕು ಲಾರಿ ಮಣ್ಣೇ ಸಾವನ್ನು ತರಬಲ್ಲದು.

ಬೆಂಗಳೂರು ಕಳೆದುಕೊಂಡ ಕೆರೆಗಳೆಲ್ಲವನ್ನೂ ಭೂಗಳ್ಳರು ರಾತ್ರೋರಾತ್ರಿ ಕದ್ದೊಯ್ದರೆಂದು ಭಾವಿಸುವುದು ನಮಗೆ ಹಿತವಾಗಿರಬಹುದು, ಅದು ಅರ್ಧಸತ್ಯ. ಧರ್ಮಾಂಬುಧಿಯ ಅಂಗಳದಲ್ಲಿ ಬಸ್ ನಿಲ್ದಾಣವೂ, ಸಂಪಂಗಿ ಕೆರೆಯ ಸ್ಥಳದಲ್ಲಿ ಕಂಠೀರವ ಕ್ರೀಡಾಂಗಣವೂ, ಕೋರಮಂಗಲದ ಕೆರೆಯಂಗಳದಲ್ಲಿ ರಾಷ್ಟ್ರೀಯ ಕ್ರೀಡಾಗ್ರಾಮವೂ ಎದ್ದು ನಿಂತದ್ದು ಸರ್ಕಾರದ ಆದೇಶದಿಂದ, ಕಡತಗಳ ಮೂಲಕ, ಸಾರ್ವಜನಿಕ ಹಿತದ ಹೆಸರಿನಲ್ಲಿ. ಹೆಸರಘಟ್ಟದ ನೀರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಳವೆಗಳಲ್ಲಿ ಹರಿದುಬಂದು, 1933ರಲ್ಲಿ ತಿಪ್ಪಗೊಂಡನಹಳ್ಳಿಯದೂ 1974ರಲ್ಲಿ ಕಾವೇರಿಯದೂ ಅದರ ಜೊತೆಗೂಡಿದ ಮೇಲೆ, ಮನೆಯ ನಲ್ಲಿಗೂ ಬೀದಿಯ ಕೊನೆಯ ಕೆರೆಗೂ ಇದ್ದ ಸಂಬಂಧ ಕಡಿದುಹೋಯಿತು. ಸಂಬಂಧ ಕಡಿದ ಮೇಲೆ ಕೆರೆ ಬರಿಯ ಖಾಲಿ ಜಾಗವಾಯಿತು. ಖಾಲಿ ಜಾಗವೆಂದ ಮೇಲೆ ಅದನ್ನು ಉಪಯೋಗಕ್ಕೆ ತರುವುದೇ ಆಡಳಿತದ ಜಾಣ್ಮೆಯೆನಿಸಿತು. ಕೆರೆಗಳನ್ನು ಉಳಿಸಬೇಕೆಂದು ಎನ್. ಲಕ್ಷ್ಮಣರಾವ್ ಅವರ ಸಮಿತಿಯು 1986ರಷ್ಟು ಹಿಂದೆಯೇ ಹೇಳಿತ್ತು. ಅರಿವು ಇರಲಿಲ್ಲವೆಂದು ಯಾರೂ ಹೇಳುವಂತಿಲ್ಲ. ಅರಿತದ್ದನ್ನು ಕಾಯುವ ಕೈ ಇರಲಿಲ್ಲ.

ಹಿಂದೆ ಆ ಕೈ ಇತ್ತು. ಕೆರೆಯ ದುರಸ್ತಿಗೆಂದು ಬಿತ್ತುವಟ್ಟ, ಕಟ್ಟುಕೊಡಗೆಗಳೆಂಬ ದತ್ತಿಗಳನ್ನು ಬಿಟ್ಟುಕೊಟ್ಟ ಸಂಗತಿ ನಮ್ಮ ಶಿಲಾಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತದೆ; ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಯಾವ ಸರದಿ ಎಂಬುದನ್ನು ನಿರ್ವಹಿಸಲು ಹಳೆಯ ಮೈಸೂರಿನ ಹಳ್ಳಿಹಳ್ಳಿಗೂ ನೀರುಗಂಟಿಯಿದ್ದ. ಆ ವ್ಯವಸ್ಥೆಯನ್ನು ಸುವರ್ಣಯುಗವೆಂದು ಹೊಗಳುವುದು ನನ್ನ ಉದ್ದೇಶವಲ್ಲ: ಮಳೆಯಲ್ಲಿ ನೆನೆದು ಏರಿ ಕಾಯ್ದ ನೀರುಗಂಟಿ ಬಹುತೇಕ ಊರಿನ ಹೊರಗಿನ ಕೇರಿಯವನಾಗಿದ್ದು, ಅವನು ಕಾಯ್ದ ನೀರು ಮೊದಲು ಉಳ್ಳವರ ಹೊಲಕ್ಕೇ ಹರಿಯಿತು. ಆ ಅನ್ಯಾಯವನ್ನು ತೊಡೆದುಹಾಕುವುದು ಪ್ರಜಾಪ್ರಭುತ್ವದ ಕರ್ತವ್ಯವಾಗಿತ್ತು; ನಾವಾದರೋ ಅನ್ಯಾಯದೊಂದಿಗೆ ಕಾವಲನ್ನೂ ತೊಡೆದುಹಾಕಿ, ಬರಿದಾದ ಸ್ಥಾನದಲ್ಲಿ ಹಲವು ಇಲಾಖೆಗಳನ್ನು ಕೂರಿಸಿದೆವು.

ಅದರ ಫಲವೇನೆಂಬುದನ್ನು ಮಹದೇವಪುರದ ಕಡೆಯ ಯಾವುದಾದರೂ ರಾಜಕಾಲುವೆಯ ಗುಂಟ ನಡೆದರೆ ಕಣ್ಣಾರೆ ಕಾಣಬಹುದು. ಗ್ರಾಮನಕ್ಷೆಯಲ್ಲಿ ಬಳುಕುತ್ತ ಸಾಗುವ ಕಾಲುವೆಯು ನೆಲದ ಮೇಲೆ ಒಂದು ಬಡಾವಣೆಯ ಕಾಂಪೌಂಡು ಗೋಡೆಗೆ ತಾಗಿ ಲಂಬಕೋನದಲ್ಲಿ ತಿರುಗುತ್ತದೆ. ಮುಂದೆ ಅದರ ಮೇಲೆ ಕಾಂಕ್ರೀಟಿನ ಚಪ್ಪಡಿ ಹಾಸಿ ಕಾರುಗಳನ್ನು ನಿಲ್ಲಿಸಿರುತ್ತಾರೆ. ರಸ್ತೆ ದಾಟುವ ಮೋರಿಯ ಬಾಯಲ್ಲಿ ಕುಡಿಯುವ ನೀರಿನ ಕೊಳವೆಯೊಂದು, ಕೇಬಲ್ಲುಗಳ ಕಟ್ಟೊಂದು ಅಡ್ಡಹಾಯ್ದು, ಅವಕ್ಕೆ ಸಿಕ್ಕಿಕೊಂಡ ಪ್ಲಾಸ್ಟಿಕ್ ಚೀಲ, ಹರಿದ ಹಾಸಿಗೆ, ತೆಂಗಿನ ಬುರುಡೆಗಳು ಸಣ್ಣದೊಂದು ಅಣೆಕಟ್ಟನ್ನೇ ಕಟ್ಟಿರುತ್ತವೆ. 2022ರ ಸೆಪ್ಟೆಂಬರಿನ ಮಳೆಗೆ ಇಂಥ ಕಾಲುವೆಗಳ ನೀರು ಬಡಾವಣೆಗಳೊಳಕ್ಕೆ ನುಗ್ಗಿ, ಐಷಾರಾಮಿ ವಿಲ್ಲಾಗಳಲ್ಲಿದ್ದವರು ದೋಣಿಯಲ್ಲಿಯೂ ಸಾಫ್ಟ್‌ವೇರ್ ಕಂಪನಿಗಳ ನೌಕರರು ಟ್ರ್ಯಾಕ್ಟರಿನಲ್ಲಿಯೂ ಹೊರಬಂದರು. ಎರಡು ವರ್ಷ ತುಂಬುವ ಮೊದಲೇ, 2024ರ ಬೇಸಗೆಯಲ್ಲಿ, ಅದೇ ಪ್ರದೇಶದ ಕೊಳವೆಬಾವಿಗಳು ಬತ್ತಿ, ಅದೇ ಬೀದಿಗಳಲ್ಲಿ ಟ್ಯಾಂಕರಿಗಾಗಿ ಜನ ಕಾದು ನಿಂತರು. ನೆರೆಯೂ ಬರವೂ ಒಂದೇ ರೋಗದ ಎರಡು ಲಕ್ಷಣಗಳೆಂಬುದಕ್ಕೆ ಇದಕ್ಕಿಂತ ಮಿಗಿಲಾದ ಸಾಕ್ಷ್ಯ ಬೇಕೆ?

ಸರ್ಕಾರದ ಪರವಾಗಿ ಮಾತನಾಡುವವರಿಗೂ ವಾದವಿಲ್ಲದಿಲ್ಲ. ನಗರದ ನಡುವೆ ಏಕರೂಪದ ಅಂಚನ್ನು ಪಾಲಿಸಹೊರಟರೆ ರಸ್ತೆ, ಒಳಚರಂಡಿಯಂಥ ಕಾಮಗಾರಿಗಳು ನಿಂತುಹೋಗುತ್ತವೆ, ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಮೂವತ್ತು–ನಲವತ್ತರ ನಿವೇಶನ ಕೊಂಡ ಸಾಮಾನ್ಯನ ಮನೆ ಅಕ್ರಮದ ಪಟ್ಟಿಗೆ ಸೇರುತ್ತದೆ ಎಂದು ಅವರು ಹೇಳುತ್ತಾರೆ. ಆ ಸಾಮಾನ್ಯನ ಸಂಕಟ ನಿಜವಾದದ್ದು. ಅವನಿಗೆ ಪುನರ್ವಸತಿಯನ್ನೋ ಪರಿಹಾರವನ್ನೋ ಒದಗಿಸುವ ಪ್ರತ್ಯೇಕ ನಿಯಮವನ್ನು ಮಾಡುವುದು ಸರ್ಕಾರದ ಧರ್ಮ. ಆದರೆ ಅಂಚನ್ನೇ ಕುಗ್ಗಿಸುವ ಶಾಸನವು ನಿನ್ನೆ ಮೋಸಹೋದವನಿಗಿಂತ ಹೆಚ್ಚಾಗಿ ನಾಳೆ ಬಡಾವಣೆ ಮಾಡಹೊರಟವನಿಗೇ ಲಾಭವನ್ನು ತರುತ್ತದೆ. ಬಡವರ ನೋವನ್ನು ಮುಂದಿಟ್ಟು ಧನಿಕರಿಗೆ ನೆಲವನ್ನು ಬಿಡಿಸಿಕೊಡುವುದು ನ್ಯಾಯವಲ್ಲ.

ಇನ್ನೊಂದು ಪಕ್ಷದವರು ಒತ್ತುವರಿಯನ್ನೆಲ್ಲ ಕೆಡವಿಬಿಡಿ ಎನ್ನುತ್ತಾರೆ. ಪ್ರತಿ ನೆರೆಯ ಮಾರನೆಯ ವಾರ ಜೆಸಿಬಿಗಳು ಬರುತ್ತವೆ; ಕಾಲುವೆಯ ಬದಿಯ ಶೀಟಿನ ಮನೆಗಳು ಮೊದಲು ಉರುಳುತ್ತವೆ; ವಕೀಲರನ್ನಿಡುವ ಶಕ್ತಿಯುಳ್ಳವರ ಗೋಡೆಯವರೆಗೆ ಬರುವಷ್ಟರಲ್ಲಿ ತಡೆಯಾಜ್ಞೆಯೊಂದು ಎದುರಾಗುತ್ತದೆ, ಇಲ್ಲವೆ ಮರುಸರ್ವೆಯ ಆದೇಶವಾಗುತ್ತದೆ; ಮುಂದಿನ ಮಳೆಗಾಲದವರೆಗೆ ವಿಷಯ ಮರೆತುಹೋಗುತ್ತದೆ. ಅಡಿಪಾಯ ಹಾಕುವ ದಿನ ತಡೆಯದೆ ಮನೆ ಎದ್ದು ಹತ್ತು ವರ್ಷವಾದ ಮೇಲೆ ಕೆಡವುವ ಆಡಳಿತವು ನಿಷ್ಠುರವೂ ಅಲ್ಲ, ದಯಾವಂತವೂ ಅಲ್ಲ. ಅದು ಕೇವಲ ಗೈರುಹಾಜರಾದ ಆಡಳಿತ.

ಅಡಿಪಾಯದ ದಿನ ಅಲ್ಲಿ ಯಾರಿರುತ್ತಾರೆ? ಆ ಬೀದಿಯವರಿರುತ್ತಾರೆ. ಅವರಿಗೆ ಕಣ್ಣಿದೆ, ಅಧಿಕಾರವಿಲ್ಲ. ಮೂರು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರತಕ್ಕದ್ದೆಂದು, 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ವಿಧಿಸಿದೆ. ಮೂರು ದಶಕಗಳಾದರೂ ಬಹುಪಾಲು ವಾರ್ಡುಗಳಲ್ಲಿ ಅವು ಹೆಸರಿಗೆ ಮಾತ್ರ ಇವೆ. ಎಲ್ಲಿ ಸೇರಿದರೂ ಅವುಗಳ ನಿರ್ಣಯಕ್ಕೆ ಯಾವ ಎಂಜಿನಿಯರನೂ ಬದ್ಧನಲ್ಲ. ಬೆಂಗಳೂರಿನಲ್ಲಾದರೋ 2015ರಲ್ಲಿ ಚುನಾಯಿತವಾದ ಪಾಲಿಕೆಯ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ, 2022ರ ನೆರೆಯೂ 2024ರ ಬರವೂ ಒಬ್ಬನೇ ಒಬ್ಬ ಕಾರ್ಪೊರೇಟರನೂ ಇಲ್ಲದ ನಗರದ ಮೇಲೆ ಎರಗಿದವು. 2025ರಲ್ಲಿ ಪಾಲಿಕೆಯನ್ನು ಐದಾಗಿ ವಿಭಾಗಿಸಿದಾಗಲೂ ಜನರ ಪ್ರತಿನಿಧಿಗಳ ಕುರ್ಚಿಗಳು ಖಾಲಿಯಾಗಿಯೇ ಇದ್ದವು.

ಅಧಿಕಾರವಿಲ್ಲದೆಯೂ ಊರವರು ಏನು ಮಾಡಬಲ್ಲರೆಂಬುದಕ್ಕೆ ಉದಾಹರಣೆಗಳಿವೆ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆಯು ಕೊಳಚೆಯಿಂದ ಕೆಟ್ಟುಹೋಗಿದ್ದಾಗ ಸುತ್ತಲಿನ ನಿವಾಸಿಗಳು ಪಾಲಿಕೆಯ ಅಧಿಕಾರಿಗಳೊಂದಿಗೆ ಕುಳಿತು ಯೋಜನೆಯನ್ನು ರೂಪಿಸಿ, ಕೆಲಸ ಮುಗಿದ ಮೇಲೆಯೂ ಬಿಟ್ಟುಹೋಗದೆ ಕಾದರು. ದನಗಳ ಮೇವಿಗೆ ಹುಲ್ಲು ಕೊಯ್ಯುವವರಿಗೂ ಅಲ್ಲಿ ಎಡೆಯುಂಟು. ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಗೆ ನೀರು ತರುತ್ತಿದ್ದ ಹಳೆಯ ಕಾಲುವೆಗಳು ಕಟ್ಟಡಗಳಡಿ ಮರೆಯಾದ ಮೇಲೆ, ನೆರೆಯ ವಸತಿ ಸಮುಚ್ಚಯವೊಂದರ ಸಂಸ್ಕರಿಸಿದ ನೀರನ್ನು ಕೆರೆಗೆ ಹರಿಸಲು ಅಲ್ಲಿಯ ನಿವಾಸಿಗಳೇ ಮುಂದಾದರು. ಈ ಕೆರೆಗಳನ್ನು ಉಳಿಸಿದ್ದು ಮೀಟರಿನ ಲೆಕ್ಕಕ್ಕಿಂತ ಮಿಗಿಲಾಗಿ, ದಿನವೂ ನೋಡುವವರಿದ್ದಾರೆಂಬ ಎಚ್ಚರ.

ಇಂಥ ಸಂಘಗಳು ಉಳ್ಳವರವು, ಕೆರೆಯನ್ನು ನಡಿಗೆಯ ಪಥವಾಗಿಸಿ ಬೇಲಿ ಹಾಕಿ, ಮೀನುಗಾರನನ್ನೂ ಅಗಸನನ್ನೂ ದನಗಾಹಿಯನ್ನೂ ಹೊರಗಟ್ಟುತ್ತವೆ ಎಂಬ ಆಕ್ಷೇಪಣೆಯಿದೆ. ಹಲವೆಡೆ ಅದು ಸತ್ಯವಾಗಿರುವುದರಿಂದಲೇ ಈ ಕಾವಲು ಸದಾಶಯದ ಕೃಪೆಯಾಗಿ ಉಳಿಯದೆ, ಎಲ್ಲರಿಗೂ ಪಾಲಿರುವ ಶಾಸನಬದ್ಧ ಹಕ್ಕಾಗಬೇಕೆಂದು ನಾನು ವಾದಿಸುತ್ತಿರುವುದು. ವಾರ್ಡ್ ಸಮಿತಿಯಲ್ಲಿ ಕೆರೆಯ ಕೆಳಗಿನ ಕೊಳೆಗೇರಿಯವರಿಗೂ ಮೀನುಗಾರರಿಗೂ ಸ್ಥಾನ ಮೀಸಲಿರಬೇಕು, ಏಕೆಂದರೆ ನೀರು ಮೊದಲು ನುಗ್ಗುವುದು ಅವರ ಮನೆಗೆ.

ಆದಕಾರಣ ಆಗತಕ್ಕದ್ದು ಇಷ್ಟು. ಅಂಚನ್ನು ಕುಗ್ಗಿಸುವ ತಿದ್ದುಪಡಿಯನ್ನು ಸರ್ಕಾರ ಕೈಬಿಡಲಿ. ಪ್ರತಿ ವಾರ್ಡಿನ ಕೆರೆ, ಕುಂಟೆ, ರಾಜಕಾಲುವೆಗಳ ಸರ್ವೆ ನಕ್ಷೆಯನ್ನು ಕನ್ನಡದಲ್ಲಿ ವಾರ್ಡ್ ಕಚೇರಿಯ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಅಂಟಿಸಲಿ. ಕಾಲುವೆಯ ಅಂಚಿನಲ್ಲಿ ಕಟ್ಟಡದ ಪರವಾನಗಿ ಕೊಡುವ ಮೊದಲು ವಾರ್ಡ್ ಸಮಿತಿಯ ಬಹಿರಂಗ ಸಭೆಯ ಒಪ್ಪಿಗೆ ಕಡ್ಡಾಯವಾಗಲಿ; ಮುಂಗಾರಿಗೆ ಮುಂಚೆ ಹೂಳೆತ್ತಿದ ಬಿಲ್ಲು ಪಾವತಿಯಾಗುವುದು ಅದೇ ಸಮಿತಿ ಕಾಲುವೆಯನ್ನು ನೋಡಿ ಸಹಿ ಹಾಕಿದ ಮೇಲೆಯೇ ಆಗಲಿ. ತಜ್ಞರು ಬೇಡವೆಂದಲ್ಲ, ಎಷ್ಟು ಮಳೆಗೆ ಎಷ್ಟು ಅಗಲದ ಕಾಲುವೆ ಎಂಬುದನ್ನು ಅವರೇ ಹೇಳಬೇಕು. ಹೇಳಿದ್ದು ನಡೆಯಿತೆ ಎಂಬುದನ್ನು ನೋಡಲು ಮಾತ್ರ ಅಲ್ಲಿಯೇ ವಾಸಿಸುವವರು ಬೇಕು.

ಇದು ಬೆಂಗಳೂರೊಂದರ ಜಗಳವೂ ಅಲ್ಲ. ಈ ಕಾಯ್ದೆ ಇಡೀ ರಾಜ್ಯದ ಕೆರೆಗಳಿಗೆ ಸಂಬಂಧಿಸಿದ್ದು, ಅವುಗಳಲ್ಲಿ ಬಹುಪಾಲು ಚಿಕ್ಕವೇ. ಮೂರು ಲಕ್ಷ ಜನರಿಲ್ಲದ ತಾಲ್ಲೂಕು ಕೇಂದ್ರಗಳಿಗಂತೂ ಸಂವಿಧಾನ ಕಡ್ಡಾಯಪಡಿಸಿದ ವಾರ್ಡ್ ಸಮಿತಿಯ ಆಸರೆಯೂ ಇಲ್ಲ. ಬೆಂಗಳೂರು ಐವತ್ತು ವರ್ಷಗಳಲ್ಲಿ ಮಾಡಿಕೊಂಡ ಅನಾಹುತವನ್ನು ಆ ಪಟ್ಟಣಗಳು ಹತ್ತೇ ವರ್ಷಗಳಲ್ಲಿ ಮಾಡಿಕೊಳ್ಳಲು ಈ ಮಸೂದೆ ದಾರಿ ತೆರೆಯುತ್ತದೆ. ಮುಂದಿನ ಪಾಲಿಕೆ, ಪುರಸಭೆಗಳ ಚುನಾವಣೆಯಲ್ಲಿ ಮತ ಕೇಳಲು ಬರುವ ಪ್ರತಿಯೊಬ್ಬರನ್ನೂ, ಅವರ ಪಕ್ಷವಾವುದೇ ಆಗಿರಲಿ, ಒಂದೇ ಪ್ರಶ್ನೆಯನ್ನು ನಾವು ಕೇಳಬೇಕು: ನಮ್ಮ ಬೀದಿಯ ನೀರಿನ ದಾರಿಯನ್ನು ಕಾಯುವ ಅಧಿಕಾರವನ್ನು ನಮಗೆ ಶಾಸನದ ಮೂಲಕ ಕೊಡುವಿರಾ, ಇಲ್ಲವೆ? ಸ್ಪಷ್ಟವಾಗಿ ಹೌದೆನ್ನದವರಿಗೆ ನಮ್ಮ ಮತವಿಲ್ಲವೆಂದು ಹೇಳುವ ಧೈರ್ಯ ಜನರಿಗೆ ಬಂದ ದಿನ ಈ ಊರುಗಳ ರಕ್ಷಣೆ ಆರಂಭವಾಗುತ್ತದೆ.