ಎಂಟು ಮೃದಂಗ, ಒಂದು ತಾಳ

ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು 13ನೆಯ ಶತಮಾನದಲ್ಲಿ ಕಟ್ಟಿಸಿದ ಸೋಮನಾಥಪುರದ ಕೇಶವಾಲಯದ ಭಿತ್ತಿಯಲ್ಲಿ ಸರಸ್ವತಿಯೇ ನರ್ತಿಸುತ್ತಿದ್ದಾಳೆ. ಎಂಟು ಮಂದಿ ಮೃದಂಗದ ವಿದ್ಯಾರ್ಥಿಗಳ ಗೋಷ್ಠಿಗೆ ಆ ಅಂಗಳಕ್ಕಿಂತ ತಕ್ಕ ತಾಣವುಂಟೆ ಎಂದು ಗುರುವಿಗೆ ತೋರುವುದು ಸಹಜ. ಆದರೆ ಸಂರಕ್ಷಿತ ಸ್ಮಾರಕದೊಳಗೆ ಗೋಷ್ಠಿ ನಡೆಸಲು 1959ರ ನಿಯಮಗಳಂತೆ ಲಿಖಿತ ಅನುಮತಿ ಬೇಕು. ಬಿಸಿಲಿಗೆ ಚರ್ಮ ಬಿಗಿದು ಶ್ರುತಿ ಏರುವ ತೊಡಕು ಬೇರೆ. ಶಾಲೆಯೊಂದರ ಪಡಸಾಲೆಯೇ ಲೇಸು.

ನಿಜವಾದ ಕಷ್ಟ ಕಾಲದ್ದು. ತಲೆಗೆ 5 ನಿಮಿಷವೆಂದರೆ 40 ನಿಮಿಷವಾಯಿತು. ತಾಯಂದಿರ ಹೊರತು ಯಾರೂ ಕುಳಿತಿರಲಾರರು! ವಿದ್ವಾಂಸರ ತನಿ ಆವರ್ತನದ ಕ್ರಮವೇ ಇಲ್ಲಿ ಒದಗುತ್ತದೆ. ಆದಿತಾಳದ 8 ಅಕ್ಷರಕ್ಕೆ 8 ಸೆಕೆಂಡು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರಿಗೂ ಎಂಟು ಆವರ್ತ. ಬಳಿಕ ನಾಲ್ಕು, ಎರಡು, ಒಂದು. ಎಲ್ಲ ಸೇರಿ 120 ಆವರ್ತ, 16 ನಿಮಿಷ. ಕೊನೆಯ ಮೋಹರ, ಕೋರ್ವೆಗಳನ್ನು ಎಲ್ಲರೂ ಕೂಡಿ ನುಡಿಸಲಿ. ಅದಕ್ಕೆ ಎಂಟೂ ಮೃದಂಗಗಳು ಒಂದೇ ಶ್ರುತಿಯವಾಗಿರಬೇಕು.

ಸರ್ವಲಘುವಿನಾಚೆಗೆ ಕೈ ಸಾಗದ ಕಿರಿಯನನ್ನು ಕೈಬಿಡುವುದು ನ್ಯಾಯವಲ್ಲ. ತನ್ನ ಸರದಿಯಲ್ಲಿ ಅವನು ಅದನ್ನೇ ನುಡಿಸಲಿ. ಅವನನ್ನು ನಡುವೆ ಕೂರಿಸಿದರೆ, ಹಿರಿಯರ ಉತ್ಸಾಹದಲ್ಲಿ ಓಡತೊಡಗಿದ ಕಾಲವು ಅವನ ಎಂಟು ಆವರ್ತಗಳಲ್ಲಿ ಮತ್ತೆ ಹದಕ್ಕೆ ಬರುತ್ತದೆ.